ಕ್ಯಾನೊನೆಟ್ ಮೇಲೆ ವಿವಿಟಾರ್ 283: ನಾಲ್ಕು ವರ್ಷ ಬಳಸಿದ ಮೇಲೆ

ನನ್ನದು 1972ರಲ್ಲಿ ಬಂದ ಮಾಡೆಲ್, ಕ್ಯಾನೊನೆಟ್ ಕ್ಯೂಎಲ್17 ಜಿ3 ಫಿಲ್ಮ್ ಕ್ಯಾಮೆರಾ. ಅದಕ್ಕೆ ಸೆಕೆಂಡ್ ಹ್ಯಾಂಡ್ ವಿವಿಟಾರ್ 283 ಫ್ಲಾಶ್ ತಗೊಂಡು ನಾಲ್ಕು ವರ್ಷವಾಯಿತು. ಕ್ಯಾಮೆರಾ ನೆತ್ತಿಯ ಮೇಲಿನ ಫ್ಲಾಶ್ ಗೂಡು, ಅಂದರೆ ಹಾಟ್ ಶೂಗೆ ಸಿಕ್ಕಿಸಿದರೆ ಕರುವಿನ ತಲೆಗೆ ಕೋಣದ ಕೊಂಬು ಕಟ್ಟಿದ ಹಾಗೆ ಕಾಣುತ್ತದೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದ ಮೇಲಂತೂ ಕತ್ತು ನೋವು ಗ್ಯಾರಂಟಿ.

ಈ ಕ್ಯಾಮೆರಾಗೆಂದೇ ಮಾಡಿದ ಕ್ಯಾನೊಲೈಟ್ ಡಿ ಫ್ಲಾಶ್ ಪುಟ್ಟದು. ಫೋಕಸ್ ಮಾಡಿದ ದೂರಕ್ಕೆ ತಕ್ಕಂತೆ ಕ್ಯಾಮೆರಾನೇ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬಿಡುವ ತೂತು) ಹೊಂದಿಸಿಕೊಳ್ಳುತ್ತದೆ. ಆದರೆ ಬೆಳಕು ನೇರ ಮುಖಕ್ಕೇ ರಾಚುತ್ತದೆ. ಅಜ್ಜಿಯ ಕನ್ನಡಕದಲ್ಲಿ ಬಿಳಿ ಚುಕ್ಕೆ, ಹಿಂದಿನ ಗೋಡೆಯಲ್ಲಿ ಕಪ್ಪು ನೆರಳು. 283ರ ತಲೆ ಮೇಲಕ್ಕೆತ್ತಿ ಬಿಳಿ ತಾರಸಿಗೆ ಹೊಡೆದರೆ ಆ ಎರಡೂ ರಗಳೆ ಇಲ್ಲ. ಊರಿನ ಹಂಚಿನ ಮನೆಯಲ್ಲಿ ಮಾತ್ರ ಕಲರ್ ಫಿಲ್ಮ್ ಹಾಕಿ ಹಾಗೆ ಮಾಡಬೇಡಿ. ನಾನು ಮಾಡಿದೆ, ಮನೆಯವರೆಲ್ಲ ಕೆಂಪುಮಣ್ಣಲ್ಲಿ ಹೊರಳಾಡಿ ಬಂದವರ ಹಾಗೆ ಕಂಡರು! ಕಪ್ಪುಬಿಳುಪಿಗೆ ತೊಂದರೆಯಿಲ್ಲ.

ತಲೆ ಎತ್ತಿದರೂ 283ರ ಬೆಳಕು ಅಳೆಯುವ ಸೆನ್ಸರ್ ಮುಂದಕ್ಕೇ ನೋಡುತ್ತಿರುತ್ತದೆ. ಸಾಕಷ್ಟು ಬೆಳಕು ವಾಪಸ್ ಬಂದ ಕೂಡಲೇ ಫ್ಲಾಶ್ ತಾನೇ ನಿಲ್ಲುತ್ತದೆ. ಆಟೋ ಬೇಡವೆಂದರೆ ಲೆಕ್ಕವೂ ಸುಲಭ. 100 ಐಎಸ್‌ಒ ಫಿಲ್ಮ್‌ಗೆ ಗೈಡ್ ನಂಬರ್, ಅಂದರೆ ಫ್ಲಾಶ್‌ನ ಶಕ್ತಿಯ ಅಂಕಿ, ಸುಮಾರು 36. ಅದನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತದೆ. ದೂರ ಲೆನ್ಸ್ ಮೇಲೇ ಬರೆದಿದೆ, ಅಲ್ವಾ? ನಾಲ್ಕೂವರೆ ಮೀಟರ್ ಇದ್ದರೆ ಎಫ್8. ತಾರಸಿಗೆ ಹೊಡೆದು ಬೌನ್ಸ್ ಮಾಡುವಾಗ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ನನಗೆ ತುಂಬ ಇಷ್ಟವಾಗಿದ್ದು ಬಿಸಿಲಲ್ಲಿ. ಕ್ಯಾನೊನೆಟ್‌ದು ಲೆನ್ಸ್ ಒಳಗೇ ತೆರೆದು ಮುಚ್ಚುವ ಲೀಫ್ ಶಟರ್, ಸೆಕೆಂಡಿನ 1/500ರಲ್ಲೂ ಫ್ಲಾಶ್ ಜೊತೆ ಹೊಂದುತ್ತದೆ. 400ರ ಫಿಲ್ಮ್, ಎಫ್16, ಮಧ್ಯಾಹ್ನದ ಸೂರ್ಯ ಎದುರು ನಿಂತವರ ಬೆನ್ನ ಹಿಂದಿದ್ದರೂ ಮುಖ ಕಪ್ಪಾಗುವುದಿಲ್ಲ. ಪರದೆ ಶಟರ್‌ನ ಲೈಕಾ ಎಂ6 ಕ್ಯಾಮೆರಾದಲ್ಲಿ ಫ್ಲಾಶ್‌ಗೆ 1/50ಕ್ಕೆ ಇಳಿಯಬೇಕು, ಆ ಬಿಸಿಲಿಗೆ ಎಫ್45ರಷ್ಟು ಸಣ್ಣ ತೂತು ಎಲ್ಲಿಂದ ತರೋದು? ಇನ್ನೊಂದು, ಇಂಥ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಲೆನ್ಸಿಗಿಂತ ಬೇರೆ, ಎಸ್‌ಎಲ್‌ಆರ್ ಕ್ಯಾಮೆರಾದ ಹಾಗೆ ಕನ್ನಡಿ ಎದ್ದು ನೋಟ ಮರೆಯಾಗುವುದಿಲ್ಲ. ಫ್ಲಾಶ್ ಬಿದ್ದ ಕ್ಷಣ ಯಾರು ಕಣ್ಣು ಮುಚ್ಚಿದರು ಅಂತ ಕಿಂಡಿಯಲ್ಲೇ ಗೊತ್ತಾಗುತ್ತದೆ.

ಫ್ಲಾಶ್ ಹಳೇದಾದ್ದರಿಂದ ತಿಂಗಳುಗಟ್ಟಲೆ ಸುಮ್ನೆ ಇಟ್ಟರೆ ಮೊದಲ ಚಾರ್ಜ್‌ಗೆ ತುಂಬ ಹೊತ್ತು ಕೊಂಯ್ ಅನ್ನುತ್ತದೆ. ಆಗಾಗ ಆನ್ ಮಾಡಿ ನಾಲ್ಕಾರು ಸಲ ಹೊಡೆದಿಡುತ್ತೇನೆ. ಸೆಲ್ ಒಳಗೇ ಬಿಟ್ಟು ಒಮ್ಮೆ ಸೋರಿತ್ತು, ತಪ್ಪು ನನ್ನದೇ.

ಹೋದ ವಾರ ತಂಗಿ ಮಗ ತನ್ನ ಡಿಜಿಟಲ್ ಕ್ಯಾಮೆರಾಗೆ ಹಾಕಲು ಈ ಫ್ಲಾಶ್ ಕೇಳಿದ. ಕೊಡಲಿಲ್ಲ. ಹಳೆಯ 283ಗಳ ಟ್ರಿಗರ್ ವೋಲ್ಟೇಜ್, ಅಂದರೆ ಹಾಟ್ ಶೂ ಮೂಲಕ ಕ್ಯಾಮೆರಾಗೆ ತಾಗುವ ವೋಲ್ಟೇಜ್, 200 ದಾಟಿರಬಹುದು, ಅವನ ಕ್ಯಾಮೆರಾ ಸುಟ್ಟೇ ಹೋದೀತು.