ಹೀಟ್ ಶ್ರಿಂಕ್ ಸ್ಲೀವ್ ಡಬ್ಬಿ: ಮೈಕ್ ಕೇಬಲ್‌ಗೆ ಸರಿ, ಸ್ಕೂಟರ್‌ಗೆ ಬೇಡ

ಆನ್‌ಲೈನ್‌ನಲ್ಲಿ ಬಣ್ಣಬಣ್ಣದ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ವಯರಿಗೆ ಬಿಗಿಯಾಗಿ ಕೂರೋ ಪ್ಲಾಸ್ಟಿಕ್ ಕೊಳವೆ) ತುಂಬಿದ ಡಬ್ಬಿ ಸಿಗುತ್ತದಲ್ಲ, ಅಂಥದ್ದೊಂದು ತರಿಸಿ ಆರು ತಿಂಗಳಾಯಿತು. ತಂದಿದ್ದು ಮೈಕ್ ಕೇಬಲ್ ಮಾಡೋದಕ್ಕೆ. ಆ ಕೆಲಸಕ್ಕೆ ದೂರೇ ಇಲ್ಲ. ಎಕ್ಸ್‌ಎಲ್‌ಆರ್ ಕನೆಕ್ಟರ್ (ಮೈಕ್ ಕೇಬಲ್ ತುದಿಯ ಮೂರು ಪಿನ್ನಿನ ಪ್ಲಗ್) ಒಳಗೆ ಶೀಲ್ಡ್‌ನ, ಅಂದರೆ ಒಳಗಿನ ವಯರುಗಳ ಸುತ್ತ ಇರೋ ಹೊದಿಕೆಯ, ಬರಿ ತಾಮ್ರದ ಎಳೆಗಳನ್ನು ಹೊಸೆದು 1ನೇ ಪಿನ್ನಿಗೆ ಬೆಸೆಯಬೇಕು, ಅದರ ಮೇಲೊಂದು ಸಣ್ಣ ಸ್ಲೀವ್ ಇದ್ದರೆ ಪಕ್ಕದ ಪಿನ್ನಿಗೆ ತಾಗುತ್ತೆ ಅನ್ನೋ ಭಯ ಇಲ್ಲ. ಮೊದಲು ಇನ್ಸುಲೇಷನ್ ಟೇಪ್ ಸುತ್ತುತ್ತಿದ್ದೆ. ಒಂದು ಬೇಸಿಗೆ ಕಳೆಯೋದರೊಳಗೆ ಅಂಟೆಲ್ಲ ಕರಗಿ ಕೈಗೆ ಮೆತ್ತಿಕೊಳ್ಳುತ್ತಿತ್ತು, ಥೂ.

ಬೇಜಾರಾಗಿದ್ದು ಸೈಜ್ ವಿಷಯಕ್ಕೆ. ಡಬ್ಬಿ ಮೇಲೆ 2:1 ಅಂತಿದೆ, ಅಂದರೆ 6 ಮಿಮೀ ಸ್ಲೀವ್ ಬಿಸಿ ಮಾಡಿದರೆ 3 ಮಿಮೀಗೆ ಇಳಿಯಬೇಕು. ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದು ನೋಡಿದೆ, 3.8ಕ್ಕೇ ನಿಂತುಬಿಟ್ಟಿತು. ಇನ್ನಷ್ಟು ಬಿಸಿ ಕೊಟ್ಟರೂ ಅಷ್ಟೇ. 3.5 ಮಿಮೀ ವಯರ್ ಮೇಲೆ ಅದು ಬಳೆ ಥರ ಅಲ್ಲಾಡುತ್ತದೆ. ಉದ್ದದಲ್ಲೂ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಜಾಯಿಂಟ್‌ಗಿಂತ ಎರಡೂ ಕಡೆ ಒಂದಿಷ್ಟು ಜಾಸ್ತಿ ಬಿಟ್ಟೇ ಕತ್ತರಿಸಿ.

ಬೆಸುಗೆ ಹಾಕೋ ಮುಂಚೆಯೇ ಸ್ಲೀವ್ ತೂರಿಸಬೇಕು ಅಂತ ಯಾರಿಗೆ ಗೊತ್ತಿಲ್ಲ ಹೇಳಿ? ಆದರೂ ಮೂರು ಸಲ ಚೆಂದವಾಗಿ ಬೆಸೆದು ಮುಗಿಸಿ ನೋಡಿದರೆ ಸ್ಲೀವ್ ಮೇಜಿನ ಮೇಲೇ ಕೂತಿತ್ತು. ನೆನಪಿಟ್ಟು ತೂರಿಸಿದ ದಿನ ಜಾಯಿಂಟ್‌ಗೆ ತೀರಾ ಹತ್ತಿರ ಬಿಟ್ಟಿದ್ದೆ, ಸೋಲ್ಡರಿಂಗ್ ಐರನ್ ಬಿಸಿಗೆ ಅಲ್ಲೇ ಮುದುಡಿಕೊಂಡಿತು. ಒಂದು ಗೇಣು ದೂರ ಸರಿಸಿಡಿ. ಲೈಟರ್ ಬೇಡ, ಒಂದು ಕಡೆ ಮಸಿ ಹಿಡಿಯುತ್ತದೆ, ಇನ್ನೊಂದು ಕಡೆ ಕುಗ್ಗದೆ ಹಾಗೇ ಉಳಿಯುತ್ತದೆ. ಹೀಟ್ ಗನ್ (ಬಿಸಿ ಗಾಳಿ ಊದೋ ಉಪಕರಣ) ಇದ್ದರೆ ಮಧ್ಯದಿಂದ ತುದಿಗಳ ಕಡೆಗೆ, ವಯರ್ ತಿರುಗಿಸುತ್ತಾ ಬನ್ನಿ.

ಇದೇ ಸ್ಲೀವನ್ನು ಸ್ಕೂಟರ್ ಇಂಡಿಕೇಟರ್ ವಯರಿಗೂ ಹಾಕಿದ್ದು ನನ್ನ ತಪ್ಪು. ಮಳೆಗಾಲದ ಮಧ್ಯೆ ಇಂಡಿಕೇಟರ್ ಸತ್ತಿತು. ಬಿಚ್ಚಿದರೆ ಒಳಗೆ ತಾಮ್ರ ಹಸಿರಾಗಿತ್ತು. ಮಾಮೂಲಿ ಸ್ಲೀವ್ ನೀರು ತಡೆಯಲ್ಲ. ಆಮೇಲೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಒಳಗೆ ಅಂಟು ಇರೋ 3:1 ಸ್ಲೀವ್ ಮೀಟರ್ ಲೆಕ್ಕದಲ್ಲಿ ತಂದೆ. ರೇಟು ಜಾಸ್ತಿ, ಗಟ್ಟಿಯಾಗುತ್ತದೆ, ಹಾಗಾಗಿ ಬಾಗೋ ಜಾಗಕ್ಕೆ ಸರಿಹೋಗಲ್ಲ. ಆದರೆ ಬಿಸಿ ತಾಗುತ್ತಿದ್ದ ಹಾಗೆ ಎರಡೂ ತುದಿಯಲ್ಲಿ ಅಂಟು ಉಂಗುರದ ಹಾಗೆ ಹೊರಗೆ ಇಣುಕಿತು ನೋಡಿ, ಕೊಟ್ಟ ದುಡ್ಡು ಆಗಲೇ ವಸೂಲಾಯಿತು.

ಡಬ್ಬಿಯಲ್ಲಿ ಈಗ ಉಳಿದಿರೋದೆಲ್ಲ 1 ಮಿಮೀ ಸ್ಲೀವ್‌ಗಳೇ, ನೂರರ ಮೇಲಿವೆ. ಬೇಕಾದವರು ಹೇಳಿ, ಸುಮ್ನೆ ಕೊಟ್ಟುಬಿಡ್ತೀನಿ.