ಡಬ್ಲ್ಯುಡಿ ಬ್ಲ್ಯಾಕ್ ಎಸ್‌ಎನ್850ಎಕ್ಸ್: ಕೊಡಗಿನ ಗೇಮಿಂಗ್ ಕಂಪ್ಯೂಟರ್‌ಗೆ ಹೊಂದುತ್ತದೆಯೇ?

ಮೊದಲೇ ಹೇಳಿಬಿಡುತ್ತೇವೆ: ಆಟಕ್ಕೆಂದೇ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಬಳಸುವ, ಚಿಪ್ಪಿನಲ್ಲಿ ಕಡತ ಇಡುವ ಡ್ರೈವ್) ಹುಡುಕುತ್ತಿರುವವರು ಎಸ್‌ಎನ್850ಎಕ್ಸ್ ಅನ್ನು ಧೈರ್ಯವಾಗಿ ಕೊಳ್ಳಬಹುದು. 2022ರಲ್ಲಿ ಬಂದ ಡ್ರೈವ್ ಇದು. ಆಮೇಲೆ ಇದಕ್ಕಿಂತ ವೇಗದವು ಎಷ್ಟೋ ಬಂದರೂ ಆಟದ ಮಟ್ಟಿಗೆ ಇದು ಹಳತಾಗಿಲ್ಲ. ಆದರೆ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಸೆಕೆಂಡಿಗೆ 7,300 ಎಂಬಿ ಎಂಬ ವೇಗದ ಅಂಕಿ ನೋಡಿ ದುಡ್ಡು ಕೊಡಬೇಡಿ. ಮಡಿಕೇರಿ, ಗೋಣಿಕೊಪ್ಪ, ನಾಪೋಕ್ಲು ಕಡೆಯವರು ಮೊದಲು ನೋಡಬೇಕಾದದ್ದು ತಮ್ಮ ಮದರ್‌ಬೋರ್ಡಿನ ಸ್ಲಾಟನ್ನು, ಆಮೇಲೆ ಮನೆಯ ಕರೆಂಟನ್ನು.

ಸ್ಲಾಟಿನ ವಿಷಯ ಹೀಗಿದೆ. ಈ ಡ್ರೈವ್ ಎಂ.2 ಮಾದರಿಯದು; 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, ಪಿಸಿಐಇ (ಬೋರ್ಡಿನಲ್ಲಿ ಡೇಟಾ ಓಡುವ ದಾರಿ) ನಾಲ್ಕನೇ ತಲೆಮಾರಿನ, ಅಂದರೆ ಜೆನ್4ರ, ನಾಲ್ಕು ಲೇನ್ ಬಳಸುತ್ತದೆ. ಪೂರ್ತಿ ವೇಗ ಸಿಗಬೇಕಾದರೆ ಬೋರ್ಡೂ ಜೆನ್4 ಆಗಿರಬೇಕು, ಪ್ರೊಸೆಸರೂ ಜೆನ್4 ಆಗಿರಬೇಕು. ಎಎಂಡಿ ಪ್ರೊಸೆಸರಿನ ಬಿ450 ಬೋರ್ಡಿನಲ್ಲಿ ಎಂ.2 ಸ್ಲಾಟ್ ಜೆನ್3, ಅಲ್ಲಿ ಓದುವ ವೇಗ 3,500 ಎಂಬಿ ಆಸುಪಾಸಿಗೆ ನಿಂತುಬಿಡುತ್ತದೆ. ಬಿ550 ಕೊಂಡವರು ಕೂಡ ಒಮ್ಮೆ ನೋಡಿಕೊಳ್ಳಿ: ಅದರಲ್ಲಿ ರೈಜನ್ 5 5600 ಇದ್ದರೆ ಮೇಲಿನ ಸ್ಲಾಟ್ ಜೆನ್4ರಲ್ಲಿ ಓಡುತ್ತದೆ, ಅದೇ 5600ಜಿ ಅಥವಾ 5500 ಇದ್ದರೆ ಜೆನ್3. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ, ವೇಗದಲ್ಲಿ ಅರ್ಧಕ್ಕರ್ಧ. ಇಂಟೆಲ್‌ನವರಿಗೆ ಲೆಕ್ಕ 11ನೇ ತಲೆಮಾರಿನಿಂದ ಶುರು. 10ನೆಯದಕ್ಕೆ ಜೆನ್4 ಇಲ್ಲ. ಜೆನ್3 ಸ್ಲಾಟಿಗೆ ಈ ಡ್ರೈವ್ ಹಾಕುವುದೆಂದರೆ ಒಳ್ಳೆಯ ಕಾರನ್ನು ಸಂಪಾಜೆ ಘಾಟಿಯಲ್ಲೇ ಓಡಿಸಿದಂತೆ: ಕೆಡುವುದೇನೂ ಇಲ್ಲ, ವೇಗ ಮಾತ್ರ ರಸ್ತೆ ಕೊಟ್ಟಷ್ಟೇ. ಮುಂದಿನ ವರ್ಷ ಬೋರ್ಡ್ ಬದಲಿಸುವ ಯೋಚನೆ ಇದ್ದರೆ ಈಗಲೇ ಕೊಳ್ಳಿ, ಇಲ್ಲದಿದ್ದರೆ ಉಳಿದ ದುಡ್ಡಿಗೆ ಹೆಚ್ಚು ಜಾಗದ ಡ್ರೈವ್ ನೋಡಿ.

ಬಿ550ರಂಥ ಬೋರ್ಡುಗಳಲ್ಲಿ ಎರಡು ಎಂ.2 ಸ್ಲಾಟ್ ಇದ್ದರೆ ಪ್ರೊಸೆಸರ್ ಪಕ್ಕದ್ದೇ ವೇಗದ್ದು. ಕೆಳಗಿನದಕ್ಕೆ ಹಾಕಿದರೆ ಹಲವು ಬೋರ್ಡುಗಳಲ್ಲಿ ಒಂದೆರಡು ಸಾಟಾ ಪೋರ್ಟುಗಳೂ (ಹಾರ್ಡ್ ಡಿಸ್ಕಿನ ಕೇಬಲ್ ಸಿಕ್ಕಿಸುವ ಜಾಗ) ಕೆಲಸ ನಿಲ್ಲಿಸುತ್ತವೆ. ಹಳೆಯ ಹಾರ್ಡ್ ಡಿಸ್ಕ್ ಇದ್ದಕ್ಕಿದ್ದಂತೆ ಕಾಣೆಯಾಯಿತು ಎಂದು ಗಾಬರಿಯಾಗುವವರಲ್ಲಿ ಎಷ್ಟೋ ಜನರ ತೊಂದರೆ ಇಷ್ಟೇ. ಬೋರ್ಡಿನ ಕೈಪಿಡಿಯಲ್ಲಿ ಅದರ ಪಟ್ಟಿ ಇರುತ್ತದೆ, ಅದನ್ನು ನೋಡಿ ಹಾರ್ಡ್ ಡಿಸ್ಕಿನ ಕೇಬಲ್ಲನ್ನು ಬೇರೆ ಪೋರ್ಟಿಗೆ ಬದಲಿಸಿದರೆ ಸರಿಹೋಗುತ್ತದೆ.

ಆಟ ಎಷ್ಟು ಬೇಗ ತೆರೆದುಕೊಳ್ಳುತ್ತದೆ? ಹಾರ್ಡ್ ಡಿಸ್ಕ್‌ನಿಂದ ಬಂದವರಿಗೆ ಹಗಲು ರಾತ್ರಿಯ ವ್ಯತ್ಯಾಸ. ಸಾಟಾ ಎಸ್‌ಎಸ್‌ಡಿಯಿಂದ ಬಂದವರಿಗೆ ಬಹುಪಾಲು ಆಟಗಳಲ್ಲಿ ಕೆಲವೇ ಸೆಕೆಂಡು. ಸಾಟಾ 550 ಎಂಬಿ, ಇದು 7,300 ಎಂಬಿ; ಆದರೂ ಆಟ ಹದಿಮೂರು ಪಟ್ಟು ಬೇಗ ಬರುವುದಿಲ್ಲ, ಯಾಕೆಂದರೆ ಓದಿದ ಕಡತವನ್ನು ಬಿಚ್ಚಿ ಜೋಡಿಸುವುದು ಪ್ರೊಸೆಸರಿನ ಕೆಲಸ. ಜಿಟಿಎ ಆನ್‌ಲೈನ್ ಇದಕ್ಕೆ ಒಳ್ಳೆಯ ಉದಾಹರಣೆ. ವರ್ಷಗಟ್ಟಲೆ ಅದರ ಲೋಡಿಂಗ್‌ಗೆ ಜನ ಡಿಸ್ಕನ್ನೇ ದೂರುತ್ತಿದ್ದರು. 2021ರಲ್ಲಿ ಹೊರಗಿನ ಪ್ರೋಗ್ರಾಮರ್ ಒಬ್ಬರು ಹುಡುಕಿ ನೋಡಿದಾಗ ತಿಳಿದದ್ದು, ಸುಮಾರು 10 ಎಂಬಿಯ ಒಂದು ಪಟ್ಟಿಯನ್ನು ಪ್ರೊಸೆಸರಿನ ಒಂದೇ ಕೋರ್ ತಿಣುಕಾಡಿಕೊಂಡು ಓದುತ್ತಿತ್ತು ಎಂದು. ಆಟದ ಕಂಪನಿ ಅದನ್ನು ಒಪ್ಪಿ ಅದೇ ವರ್ಷದ ಮಾರ್ಚ್‌ನಲ್ಲಿ ಸರಿಪಡಿಸಿತು. ಡೈರೆಕ್ಟ್‌ಸ್ಟೋರೇಜ್ (ಡ್ರೈವಿನಿಂದ ಆಟದ ಕಡತಗಳನ್ನು ಬೇಗ ಓದಿಸುವ ವಿಂಡೋಸ್ ಸೌಲಭ್ಯ) ಬಳಸುವ ಆಟಗಳಲ್ಲಿ, ಅಂದರೆ 2023ರ ಫಾರ್‌ಸ್ಪೋಕನ್, ರ‍್ಯಾಚೆಟ್ ಅಂಡ್ ಕ್ಲ್ಯಾಂಕ್ ತರಹದವುಗಳಲ್ಲಿ, ವೇಗದ ಡ್ರೈವಿಗೆ ನಿಜವಾದ ಕೆಲಸವಿದೆ. ಅಂಥವು ಇನ್ನೂ ಕಡಿಮೆ.

ಹಾಗಾದರೆ ಅಗ್ಗದ್ದು ಸಾಲದೇ? ಇಲ್ಲಿ ಎಸ್‌ಎನ್850ಎಕ್ಸ್‌ನ ನಿಜವಾದ ಬಲ ಕಾಣುತ್ತದೆ. ಇದರೊಳಗೆ ಟಿಎಲ್‌ಸಿ ಚಿಪ್ (ಒಂದು ಕೋಶದಲ್ಲಿ ಮೂರು ಬಿಟ್ ಇಡುವಂಥದ್ದು) ಇದೆ, ಯಾವ ಕಡತ ಎಲ್ಲಿದೆ ಎಂಬ ನಕ್ಷೆ ಇಟ್ಟುಕೊಳ್ಳಲು ತನ್ನದೇ ಡಿರ‍್ಯಾಮ್ ಇದೆ. ಕೋಶಕ್ಕೆ ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿ ಚಿಪ್ಪಿನ ಅಗ್ಗದ ಡ್ರೈವುಗಳು ಮೊದಲ ಸ್ವಲ್ಪ ಹೊತ್ತು ಚುರುಕಾಗಿ ಬರೆದು, ಕ್ಯಾಶ್ ತುಂಬಿದ ಕೂಡಲೇ ಹಾರ್ಡ್ ಡಿಸ್ಕಿನ ವೇಗಕ್ಕೆ ಇಳಿಯುತ್ತವೆ. ಬಾಳಿಕೆಯ ಅಂಕಿಯನ್ನೇ ಹೋಲಿಸಿ: 1 ಟಿಬಿ ಎಸ್‌ಎನ್850ಎಕ್ಸ್‌ಗೆ 600 ಟಿಬಿ ಬರೆಯುವ ಭರವಸೆ, ಅಷ್ಟೇ ಜಾಗದ ಕ್ರೂಷಿಯಲ್ ಪಿ3ಗೆ 220 ಟಿಬಿ. 600 ಟಿಬಿಯನ್ನು ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ 300 ಜಿಬಿಗೂ ಮೇಲೆ. ಆಟವಾಡುವವರು ಅದರ ಹತ್ತಿರಕ್ಕೂ ಹೋಗುವುದಿಲ್ಲ. ದುಡ್ಡು ಬಿಗಿ ಎನ್ನುವವರಿಗೆ ಅದೇ ಕಂಪನಿಯ ಎಸ್‌ಎನ್770 ಇದೆ. ಅದರಲ್ಲಿ ಡಿರ‍್ಯಾಮ್ ಇಲ್ಲ, 5,150 ಎಂಬಿ ವೇಗ, ಆಟದಲ್ಲಿ ವ್ಯತ್ಯಾಸ ಗೊತ್ತಾಗದು. ಅದರ 2 ಟಿಬಿ ಮಾದರಿಯಲ್ಲಿ 2024ರ ವಿಂಡೋಸ್ 11 24ಎಚ್2 ಅಪ್‌ಡೇಟ್ ಬಂದಾಗ ನೀಲಿ ಪರದೆಯ ತೊಂದರೆ ಕಾಣಿಸಿತ್ತು, ಹೊಸ ಫರ್ಮ್‌ವೇರ್ (ಡ್ರೈವಿನೊಳಗಿನ ತಂತ್ರಾಂಶ) ಹಾಕಿದರೆ ಹೋಗುತ್ತದೆ. ಹಳೆಯ ಸ್ಟಾಕ್ ಕೈಗೆ ಬಂದರೆ ಮೊದಲು ಆ ಫರ್ಮ್‌ವೇರ್ ಹಾಕಿಬಿಡಿ.

ಜಾಗದ ಬಗ್ಗೆ ನಮ್ಮ ಅಭಿಪ್ರಾಯ ಖಚಿತ: ಸಾಧ್ಯವಿದ್ದರೆ 2 ಟಿಬಿ. 1 ಟಿಬಿ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುತ್ತದೆ (ಮೋಸವಲ್ಲ, ಎಣಿಸುವ ಕ್ರಮ ಬೇರೆ), ಅದರಲ್ಲೂ ಐದರಲ್ಲೊಂದು ಭಾಗ ಖಾಲಿ ಬಿಟ್ಟರೇ ಬರೆಯುವ ವೇಗ ಉಳಿಯುವುದು. ಬಾಲ್ಡರ್ಸ್ ಗೇಟ್ 3 ಒಂದೇ 150 ಜಿಬಿ ಕೇಳುತ್ತದೆ, ಸ್ಟಾರ್‌ಫೀಲ್ಡ್ 125. ಬೆಂಗಳೂರಿನ ಫೈಬರ್‌ನಲ್ಲಿ ಆಟ ಅಳಿಸಿ ಮತ್ತೆ ಇಳಿಸಿಕೊಳ್ಳುವುದು ದೊಡ್ಡ ಮಾತಲ್ಲ. ತೋಟದ ಮನೆಯಲ್ಲಿ 30 ಎಂಬಿಪಿಎಸ್ ಸಿಕ್ಕರೆ ಅದೇ 150 ಜಿಬಿಗೆ 11 ಗಂಟೆ ಬೇಕು, ಅದೂ ನಡುವೆ ಲೈನ್ ಹೋಗದಿದ್ದರೆ. ಹಳೆಯ ಹಾರ್ಡ್ ಡಿಸ್ಕನ್ನು ಬಿಸಾಡದೆ ಉಳಿಸಿಕೊಳ್ಳಿ. ಆಡದ ಆಟಗಳನ್ನು ಸ್ಟೀಮ್‌ನ ಸ್ಟೋರೇಜ್ ಸೆಟ್ಟಿಂಗ್‌ನಿಂದ ಅದಕ್ಕೆ ಸಾಗಿಸಿ, ಬೇಕಾದಾಗ ವಾಪಸ್ ತಂದರೆ ಡೌನ್‌ಲೋಡ್ ತಪ್ಪುತ್ತದೆ.

ಈಗ ಕರೆಂಟು. ಕೊಡಗಿನಲ್ಲಿ ಎಸ್‌ಎಸ್‌ಡಿ ಕೊಳ್ಳುವವರು ಡ್ರೈವಿನಷ್ಟೇ ಗಮನವನ್ನು ಇದಕ್ಕೂ ಕೊಡಲೇಬೇಕು. ಹೂಮಳೆಯ ಹೊತ್ತಿಗೆ ಸಿಡಿಲು, ಜೂನ್‌ನಿಂದ ಲೈನಿನ ಮೇಲೆ ಬೀಳುವ ಮರಗಳು, ಜನರೇಟರಿಗೆ ಬದಲಿಸುವಾಗಿನ ಏರಿಳಿತ. ಮನೆಬಳಕೆಯ ಎಸ್‌ಎಸ್‌ಡಿಗಳಲ್ಲಿ ಕರೆಂಟ್ ಹೋದಾಗ ಬರೆಯುವ ಕೆಲಸ ಮುಗಿಸಲು ಬೇಕಾದ ಕೆಪಾಸಿಟರ್‌ಗಳಿರುವುದಿಲ್ಲ, ಇದರಲ್ಲೂ ಇಲ್ಲ. ಅಪ್‌ಡೇಟ್ ಇಳಿಯುತ್ತಿರುವಾಗ ಕರೆಂಟ್ ಹೋದರೆ ಆ ಕಡತ ಕೆಡುವುದು ಸಾಮಾನ್ಯ, ಕೆಟ್ಟ ಗಳಿಗೆಯಾದರೆ ವಿಂಡೋಸೇ ಏಳುವುದಿಲ್ಲ. ಆದ್ದರಿಂದ ಯುಪಿಎಸ್ ಇಲ್ಲದ ಮನೆಗೆ ಈ ಡ್ರೈವ್ ಬೇಡ. 2 ಟಿಬಿಯ ಬದಲು 1 ಟಿಬಿ ತೆಗೆದುಕೊಂಡು ಮಿಕ್ಕ ದುಡ್ಡಿಗೆ ಯುಪಿಎಸ್ ತನ್ನಿ. 600 ವಿಎ ಎಂದು ಮಾರುವ ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್, ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್‌ಗೆ ಅದು ಸಾಲದು. 1,000 ವಿಎ ಮೇಲಿನದನ್ನು ನೋಡಿ. ಮನೆಯ ಇನ್ವರ್ಟರ್‌ಗೇ ಹಾಕುವುದಾದರೆ ಅದು ಶುದ್ಧ ಸೈನ್ ವೇವ್ ಕೊಡುವಂಥದ್ದಾಗಿರಬೇಕು, ಸ್ವಿಚ್ಚು ಯುಪಿಎಸ್ ಮೋಡಿನಲ್ಲಿರಬೇಕು. ಇನ್ವರ್ಟರ್ ಮೋಡಿನಲ್ಲಿ ಬದಲಾಗಲು ಹಿಡಿಯುವ ಸಮಯಕ್ಕೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡಬಹುದು. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳಿ, ಜೊತೆಗೆ ಲ್ಯಾನ್ ಕೇಬಲ್ಲನ್ನೂ ಕೀಳಿ.

ನಮ್ಮ ತಂಪು ಹವೆ ಈ ಡ್ರೈವಿಗೆ ಅನುಕೂಲ. ದೊಡ್ಡ ಆಟ ನಕಲು ಮಾಡುವಾಗ ಇದು ಚೆನ್ನಾಗಿಯೇ ಕಾಯುತ್ತದೆ, ತೀರಾ ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೋರ್ಡಿನಲ್ಲಿ ಎಂ.2 ಮೇಲೆ ಲೋಹದ ಪಟ್ಟಿ ಇದ್ದರೆ ಹೀಟ್‌ಸಿಂಕ್ ಇಲ್ಲದ ಮಾದರಿಯೇ ಸಾಕು, ಎರಡನ್ನೂ ಒಂದರ ಮೇಲೊಂದು ಕೂರಿಸಲಾಗದು. ತೇವದ ಕಾಟ ಮಾತ್ರ ಇದ್ದೇ ಇದೆ. ಮಳೆಗಾಲ ಮುಗಿದ ಮೇಲೆ ಡ್ರೈವ್ ಒಮ್ಮೆ ಕಂಡು ಒಮ್ಮೆ ಕಾಣದಿದ್ದರೆ ಸತ್ತಿತೆಂದು ತೀರ್ಮಾನಿಸಬೇಡಿ. ಹೊರತೆಗೆದು ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೆ ಕೂರಿಸಿ. ರಬ್ಬರಿನಿಂದ ಉಜ್ಜಿದರೆ ಆ ಲೇಪವೇ ಸವೆಯುತ್ತದೆ. ಜೋರು ಮಳೆಯ ತಿಂಗಳುಗಳಲ್ಲಿ ಕಂಪ್ಯೂಟರನ್ನು ದಿನಕ್ಕೊಮ್ಮೆಯಾದರೂ ಹಚ್ಚಿಡುವುದು ಒಳ್ಳೆಯದು, ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ.

ಕೂರಿಸುವುದು ಹತ್ತು ನಿಮಿಷದ ಕೆಲಸ. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ ಐದು ಸೆಕೆಂಡು ಒತ್ತಿಹಿಡಿಯಿರಿ. ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ. ಗ್ರಾಫಿಕ್ಸ್ ಕಾರ್ಡ್ ಅಡ್ಡವಿದ್ದರೆ ತೆಗೆದಿಡಿ. ಡ್ರೈವನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿದು ಸ್ಲಾಟಿನೊಳಕ್ಕೆ ತಳ್ಳಿ. ಸರಿಯಾಗಿ ಹೋದರೆ ಚಿನ್ನದ ಅಂಚು ಬಹುತೇಕ ಕಾಣದಾಗುತ್ತದೆ, ಕೈ ಬಿಟ್ಟರೆ ತಾನಾಗಿ ಓರೆಯಾಗಿಯೇ ನಿಲ್ಲುತ್ತದೆ. ಆಮೇಲೆ ಕೆಳಕ್ಕೊತ್ತಿ ಸ್ಕ್ರೂ ಹಾಕಿ. ಆ ಪುಟ್ಟ ಸ್ಕ್ರೂ ಮದರ್‌ಬೋರ್ಡಿನ ಡಬ್ಬಿಯಲ್ಲಿರುತ್ತದೆ, ಡ್ರೈವಿನ ಜೊತೆ ಬರುತ್ತದೆಂದು ನಂಬಿ ಕೂರಬೇಡಿ. ಕುಶಾಲನಗರಕ್ಕೋ ಮೈಸೂರಿಗೋ ಒಂದು ಸ್ಕ್ರೂಗಾಗಿ ಹೋಗುವುದು ತಪ್ಪಬೇಕಾದರೆ ಕೊಳ್ಳುವ ಮೊದಲೇ ಹುಡುಕಿಡಿ. ಲೋಹದ ಪಟ್ಟಿಯ ಅಡಿಯ ಪ್ಯಾಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಅದನ್ನು ಸುಲಿಯಲೇಬೇಕು, ಇಲ್ಲದಿದ್ದರೆ ಬಿಸಿ ಪಟ್ಟಿಗೆ ಸರಿಯಾಗಿ ದಾಟುವುದಿಲ್ಲ. ಡ್ರೈವಿನ ಮೇಲಿನ ಲೇಬಲ್ಲನ್ನು ಮಾತ್ರ ಮುಟ್ಟಬೇಡಿ, ಕಿತ್ತರೆ ವಾರಂಟಿ ಹೋಯಿತು.

ವಿಂಡೋಸ್ ಹೊಸದಾಗಿ ಹಾಕುವವರು ಉಳಿದೆಲ್ಲ ಡಿಸ್ಕುಗಳ ಕೇಬಲ್ ಕಿತ್ತಿಟ್ಟು ಶುರುಮಾಡಿ. ಇಲ್ಲದಿದ್ದರೆ ಬೂಟ್ ಭಾಗ ಹಳೆಯ ಹಾರ್ಡ್ ಡಿಸ್ಕಿನಲ್ಲೇ ಹೋಗಿ ಕೂರಬಹುದು, ಮುಂದೊಂದು ದಿನ ಅದನ್ನು ತೆಗೆದಾಗ ಕಂಪ್ಯೂಟರ್ ಏಳುವುದಿಲ್ಲ. ಇಂಟೆಲ್ 11ನೇ ತಲೆಮಾರು ಮತ್ತು ನಂತರದವುಗಳಲ್ಲಿ ಇನ್‌ಸ್ಟಾಲ್ ಪರದೆಯಲ್ಲಿ ಡ್ರೈವೇ ಕಾಣದಿದ್ದರೆ ಬಯಾಸ್‌ನಲ್ಲಿ ವಿಎಂಡಿ (ಡ್ರೈವುಗಳನ್ನು ನಿಭಾಯಿಸುವ ಇಂಟೆಲ್ ಸೌಲಭ್ಯ) ಆನ್ ಆಗಿರಬಹುದು. ಅದನ್ನು ಆಫ್ ಮಾಡಿ ಅಥವಾ ಇಂಟೆಲ್ ಆರ್‌ಎಸ್‌ಟಿ ಡ್ರೈವರನ್ನು ಪೆನ್‌ಡ್ರೈವ್‌ನಲ್ಲಿ ಕೊಡಿ. ಬರಿ ಆಟಕ್ಕೆಂದು ಎರಡನೇ ಡ್ರೈವಾಗಿ ಹಾಕಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಜಿಪಿಟಿ ಆರಿಸಿ ಫಾರ್ಮ್ಯಾಟ್ ಮಾಡಿದರಾಯಿತು. ಕೊನೆಗೆ ಕ್ರಿಸ್ಟಲ್ ಡಿಸ್ಕ್ ಇನ್ಫೊ ತೆರೆದು ಟ್ರಾನ್ಸ್‌ಫರ್ ಮೋಡ್ ನೋಡಿ: ಎಡಗಡೆಯದು ಈಗಿನ ವೇಗ, ಬಲಗಡೆಯದು ಡ್ರೈವಿನ ಸಾಮರ್ಥ್ಯ. ಎಡಕ್ಕೆ 3.0 ಇದ್ದರೆ ತಪ್ಪು ಸ್ಲಾಟ್, ಇಲ್ಲವೇ ಬೋರ್ಡೋ ಪ್ರೊಸೆಸರೋ ಜೆನ್3ರದ್ದು. ಕಂಪನಿಯ ಡ್ಯಾಶ್‌ಬೋರ್ಡ್ ತಂತ್ರಾಂಶ ಹಾಕಿಕೊಳ್ಳುವುದು ಫರ್ಮ್‌ವೇರ್‌ಗಾಗಿ. ಅದರಲ್ಲಿರುವ ಗೇಮ್ ಮೋಡ್‌ನಿಂದ ಆಟದಲ್ಲಿ ಕಣ್ಣಿಗೆ ಕಾಣುವ ಲಾಭವಿಲ್ಲ.

2025ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಏರಿದೆ, ಹಾಗಾಗಿ ಮಾರುಕಟ್ಟೆ ದರಕ್ಕಿಂತ ತೀರಾ ಅಗ್ಗಕ್ಕೆ ಕಂಡರೆ ಹಿಂಜರಿಯಿರಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಡಬ್ಬಿ ಕೈಗೆ ಬಂದ ದಿನವೇ ಆ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ, ಭಾರತದಲ್ಲಿ ಐದು ವರ್ಷ ತೋರಿಸುತ್ತದೆಯೇ ನೋಡಿ. ಹೊರದೇಶದ ಸ್ಟಾಕ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ, ವಾಪಸ್ ಕೊಡಲು ಸಮಯವೂ ಇರುತ್ತದೆ. ವಾರಂಟಿಯಲ್ಲಿ ಸಿಗುವುದು ಬೇರೆ ಡ್ರೈವ್ ಮಾತ್ರ, ಒಳಗಿದ್ದ ಸೇವ್ ಕಡತಗಳಲ್ಲ. ಸ್ಟೀಮ್ ಕ್ಲೌಡ್ ಇಲ್ಲದ ಆಟಗಳ ಸೇವ್ ಫೋಲ್ಡರನ್ನು ವಾರಕ್ಕೊಮ್ಮೆ ಹಾರ್ಡ್ ಡಿಸ್ಕಿಗೆ ನಕಲು ಮಾಡಿಡಿ.