ಮೊದಲ ಲಿನಕ್ಸ್: ಮಿಂಟ್ ಹಾಕೋದಾ, ಡೆಬಿಯನ್ ಹಾಕೋದಾ?

ಲಿನಕ್ಸ್ ಅಂದರೆ ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ವ್ಯವಸ್ಥೆ; ಮಿಂಟ್, ಡೆಬಿಯನ್ ಅದರ ಎರಡು ರೂಪಗಳು. ಲಿನಕ್ಸ್ ಇದೇ ಮೊದಲ ಸಲವಾದರೆ ಮಿಂಟ್ ಹಾಕಿಕೊಳ್ಳಿ. ಡೆಬಿಯನ್ ನನಗೆ ಬಹಳ ಇಷ್ಟ, ಆದರೂ ಇದೇ ನನ್ನ ಸಲಹೆ.

ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಸೌಂಡ್ ಸರಿ ಇದೆಯಾ ಅಂತ ನೋಡಬಹುದು. ಆಮೇಲೆ ಇನ್‌ಸ್ಟಾಲ್ ಮಾಡಿದರಾಯಿತು. ಡೆಬಿಯನ್‌ಗೂ ಹೀಗೆ ಪೆನ್‌ಡ್ರೈವ್‌ನಿಂದಲೇ ಓಡುವ ಲೈವ್ ಆವೃತ್ತಿ ಇದೆ. ಅದರ ಮಾಮೂಲಿ ಇನ್‌ಸ್ಟಾಲರ್‌ನಲ್ಲಿ ಮೊದಲು ವೈಫೈ ಫರ್ಮ್‌ವೇರ್ (ವೈಫೈ ಚಿಪ್ ಕೆಲಸ ಮಾಡಲು ಬೇಕಾದ ಸಾಫ್ಟ್‌ವೇರ್) ಹುಡುಕುವ ಪಾಡು ಇತ್ತು. 2023ರ ಡೆಬಿಯನ್ 12ರಿಂದ ಆ ಫರ್ಮ್‌ವೇರ್ ಜೊತೆಗೇ ಬರುತ್ತದೆ.

ಹೊಸಬರು ಡೆಬಿಯನ್‌ನಲ್ಲಿ ಎಡವುವ ಜಾಗ ಒಂದಿದೆ. ಇನ್‌ಸ್ಟಾಲರ್ ರೂಟ್, ಅಂದರೆ ಪೂರ್ಣ ಅಧಿಕಾರದ ಖಾತೆಯ, ಪಾಸ್‌ವರ್ಡ್ ಕೇಳುತ್ತದೆ. ಅಲ್ಲಿ ಏನಾದರೂ ಕೊಟ್ಟರೆ ನಿಮ್ಮ ಖಾತೆಗೆ ಸುಡೊ ಅನುಮತಿ (ರೂಟ್‌ನ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಅನುಮತಿ) ಸಿಗುವುದಿಲ್ಲ. ಖಾಲಿ ಬಿಟ್ಟರೆ ಸಿಗುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಮೊದಲ ದಿನವೇ ಸಹಾಯ ಕೇಳಿಕೊಂಡು ಬರುತ್ತಾರೆ. ಮಿಂಟ್‌ನಲ್ಲಿ ಈ ಗೊಂದಲವೇ ಇಲ್ಲ. ಅದರಲ್ಲಿ ಸಿಸ್ಟಮ್‌ನ ಸ್ಥಿತಿಯನ್ನು ಉಳಿಸಿಡುವ ಟೈಮ್‌ಶಿಫ್ಟ್ ಕೂಡ ಇದೆ. ಅದನ್ನು ಮೊದಲೇ ಆನ್ ಮಾಡಿಟ್ಟರೆ, ಅಪ್‌ಡೇಟ್ ಕೆಟ್ಟರೂ ಹಿಂದಿನ ಸ್ಥಿತಿಗೆ ಮರಳಬಹುದು.

ಸಹಾಯದ ವಿಷಯದಲ್ಲೂ ಮಿಂಟ್‌ಗೆ ಅನುಕೂಲ ಜಾಸ್ತಿ. ಅದು ಉಬುಂಟು ಎಂಬ ಇನ್ನೊಂದು ಲಿನಕ್ಸ್ ಮೇಲೆ ನಿಂತಿರುವುದರಿಂದ ಉಬುಂಟುಗೆ ಹೇಳಿದ ಪರಿಹಾರ ಸಾಮಾನ್ಯವಾಗಿ ಇಲ್ಲೂ ನಡೆಯುತ್ತದೆ. ಡೆಬಿಯನ್ ಬಳಗದವರು ಆಳವಾಗಿ ಬಲ್ಲವರು. ಆದರೆ ಸುಮ್ನೆ 'ವೈಫೈ ಬರ್ತಿಲ್ಲ' ಅಂದರೆ ಯಾರೂ ಏನೂ ಮಾಡಲಾಗದು, ಅಲ್ವಾ? ಆವೃತ್ತಿ, ವೈಫೈ ಚಿಪ್‌ನ ಹೆಸರು, ಪರದೆ ಮೇಲೆ ಬಂದ ಎರರ್ ಸಾಲು, ಮೂರನ್ನೂ ಇದ್ದ ಹಾಗೇ ಕೊಡಿ.

ಸರ್ವರ್ ನಡೆಸಬೇಕು, ಬೇಕಾದ್ದನ್ನಷ್ಟೇ ಹಾಕಿಕೊಳ್ಳಬೇಕು ಅನ್ನುವವರು ಮಾತ್ರ ನೇರವಾಗಿ ಡೆಬಿಯನ್‌ಗೇ ಹೋಗಿ.